ಒಂದು ಕೀಲಿ, ನೂರು ಕೈ

ಕಳೆದ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು, ಊಟದ ಕೊನೆಯ ಪಂಕ್ತಿಯೂ ಎದ್ದ ಮೇಲೆ, ನಮ್ಮ ಸಂಘದ ಯುವ ವಿಭಾಗದ ನಾಲ್ಕಾರು ಹುಡುಗ ಹುಡುಗಿಯರು ಕುರ್ಚಿ ಮಡಚಿ ಇಡುತ್ತಿದ್ದರು. ಅವರಲ್ಲಿ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿರುವ ಒಬ್ಬಳು ನನ್ನ ಹತ್ತಿರ ಬಂದು ಕೇಳಿದಳು: "ಕಾಕಾ, ನೀವು ಆಫೀಸಿನ್ಯಾಗ ದಿನಾ ಏನ್ ಮಾಡ್ತೀರಿ? ಅಪ್ಪ ಹೇಳ್ತಾರ, ನೀವು ಕಂಪ್ಯೂಟರಿಗೆ ಕೀಲಿ ಹಾಕೋ ಕೆಲಸ ಮಾಡ್ತೀರಂತ. ಖರೇನ?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ಅವಳ ಅಪ್ಪ ತಮಾಷೆಗೆ ಹೇಳಿದ ಮಾತು ಅಕ್ಷರಶಃ ನಿಜ. ಕಂಪ್ಯೂಟರಿನ ಒಳಗೆ, ಯಾರ ಕಣ್ಣಿಗೂ ಬೀಳದ ತಳಮಟ್ಟದ ಲೈಬ್ರರಿಗಳಲ್ಲಿ 'ಲಾಕ್' ಎಂಬ ಪುಟ್ಟ ಪುಟ್ಟ ಬೀಗಗಳಿವೆ. ಅವು ಬೇಗ ಬೀಳುವಂತೆ, ಬೇಗ ತೆರೆಯುವಂತೆ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ವಿವರಿಸಲು ಹೊರಟೆ. ಎರಡನೆಯ ವಾಕ್ಯಕ್ಕೇ ಇಂಗ್ಲಿಷಿಗೆ ಜಾರಿದೆ. "ಕನ್ನಡದಾಗ ಹೇಳ್ರಿ ಕಾಕಾ, ನನಗ ತಿಳೀತದೋ ಇಲ್ಲೋ ನೋಡೋಣು," ಎಂದಳು. ಆ ರಾತ್ರಿ ನನ್ನಿಂದ ಆಗಲಿಲ್ಲ. ಈ ಲೇಖನ ಅವಳಿಗೂ, ಅವಳಂತೆ ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಿಮಗೆಲ್ಲರಿಗೂ ಕೊಡಬೇಕಾಗಿದ್ದ ಉತ್ತರ.

ಮೊದಲೇ ಒಂದು ಮಾತು. ನಮ್ಮ ಧಾರವಾಡದ ಕಡೆ 'ಕೀಲಿ' ಎಂದರೆ ಬೀಗ. ಅದನ್ನು ತೆರೆಯುವುದು 'ಕೀಲಿಕೈ'. ಮೈಸೂರಿನ ಕಡೆಯವರು 'ಬೀಗ', 'ಬೀಗದ ಕೈ' ಎನ್ನುತ್ತಾರೆ. ನಮ್ಮ ಸಂಘದಲ್ಲಿ ಎರಡೂ ಕಡೆಯವರು ಇರುವುದರಿಂದ ಎರಡೂ ಶಬ್ದಗಳನ್ನು ಬಳಸುತ್ತೇನೆ. ಜಗಳ ಬೇಡ.

ಎರಡು ಮೇಜು, ಒಂದು ಪುಸ್ತಕ

ಹಿಂದೆ ಕಂಪ್ಯೂಟರಿಗೆ ಒಂದೇ ಮಿದುಳು. ಇಂದು ನಿಮ್ಮ ಕಿಸೆಯಲ್ಲಿರುವ ಫೋನಿನಲ್ಲೇ ಎಂಟು 'ಕೋರ್'ಗಳಿರುವುದು ಸಾಮಾನ್ಯ. ಅವೆಲ್ಲಕ್ಕೂ ಕೆಲಸ ಕೊಡಬೇಕೆಂದರೆ ಒಂದು ಪ್ರೋಗ್ರಾಮನ್ನು ಹಲವು 'ಥ್ರೆಡ್'ಗಳಾಗಿ, ಎಂದರೆ ಎಳೆಗಳಾಗಿ, ಬಿಡಿಸಬೇಕು. ಸಂಘದ ಹಬ್ಬದ ಅಡುಗೆಮನೆಯನ್ನು ನೆನೆಯಿರಿ. ಒಬ್ಬರು ತರಕಾರಿ ಹೆಚ್ಚುತ್ತಾರೆ, ಒಬ್ಬರು ಸಾರು ಕುದಿಸುತ್ತಾರೆ, ಒಬ್ಬರು ಹಪ್ಪಳ ಕರಿಯುತ್ತಾರೆ. ಕೆಲಸ ಬೇರೆ ಬೇರೆ, ಆದರೆ ಅಡುಗೆಮನೆ ಒಂದೇ, ಉಪ್ಪಿನ ಡಬ್ಬಿಯೂ ಒಂದೇ. ಹಾಗೆಯೇ ಎಳೆಗಳು ಹಲವಾದರೂ ಅವು ಬಳಸುವ ನೆನಪು, ಅಂದರೆ ಮೆಮೊರಿ, ಒಂದೇ.

ತೊಂದರೆ ಹುಟ್ಟುವುದು ಇಲ್ಲಿಯೇ. ವಾರ್ಷಿಕ ಚಂದಾ ಸಂಗ್ರಹಕ್ಕೆ ಎರಡು ಮೇಜು ಹಾಕಿದ್ದೇವೆ, ಆದರೆ ಮೊತ್ತ ಬರೆಯುವ ಪುಸ್ತಕ ಒಂದೇ ಎಂದಿಟ್ಟುಕೊಳ್ಳಿ. ಪುಸ್ತಕದಲ್ಲಿ 10,000 ರೂಪಾಯಿ ಇದೆ. ಮೊದಲನೆಯ ಮೇಜಿನವರು ಅದನ್ನು ನೋಡಿಕೊಂಡು ಬಂದು 500 ಕೂಡಿಸುತ್ತಾರೆ. ಅವರು ಬರೆಯುವ ಮೊದಲೇ ಎರಡನೆಯವರೂ ಅದೇ 10,000 ನೋಡಿಕೊಂಡು 300 ಕೂಡಿಸುತ್ತಾರೆ. ಮೊದಲನೆಯವರು 10,500 ಎಂದು ಬರೆದರು. ಎರಡನೆಯವರು ಅದನ್ನು ಅಳಿಸಿ 10,300 ಎಂದು ಬರೆದರು. ಪೆಟ್ಟಿಗೆಯಲ್ಲಿ 10,800 ಇದೆ, ಪುಸ್ತಕದಲ್ಲಿ 10,300. ಯಾರೂ ಕದ್ದಿಲ್ಲ, ಯಾರೂ ತಪ್ಪು ಕೂಡಿಸಿಲ್ಲ. ಆದರೂ ಲೆಕ್ಕ ತಪ್ಪಿದೆ, ಮತ್ತು ಇಬ್ಬರಲ್ಲಿ ಒಬ್ಬರ ಮೇಲೆ ಸಂಶಯ ಬಂದೇ ಬರುತ್ತದೆ.

ಕಂಪ್ಯೂಟರಿನಲ್ಲಿ 'ಒಂದು ಕೂಡಿಸು' ಎಂಬ ಸಣ್ಣ ಕೆಲಸವೂ ಸಾಮಾನ್ಯವಾಗಿ ಮೂರು ಹೆಜ್ಜೆಯದು: ಓದು, ಕೂಡಿಸು, ಬರೆ. ಎರಡು ಎಳೆಗಳ ಹೆಜ್ಜೆಗಳು ಒಂದರೊಳಗೊಂದು ಸಿಕ್ಕಿದರೆ ಒಂದರ ಬರಹ ಮಾಯ. ಇದಕ್ಕೆ 'ರೇಸ್ ಕಂಡಿಶನ್' ಎಂದು ಹೆಸರು. ಇದರ ಕೆಟ್ಟ ಗುಣವೆಂದರೆ ಪ್ರತಿ ಸಲ ಕಾಣಿಸಿಕೊಳ್ಳುವುದಿಲ್ಲ. ಹತ್ತು ಲಕ್ಷ ಸಲ ಸರಿಯಾಗಿ ನಡೆದು, ಮುಂದಿನ ಸಲ ಕೈ ಕೊಡುತ್ತದೆ.

2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರ ಮನೆಗಳಲ್ಲಿ ದೀಪ ಆರಿತು. ಬಿಸಿಯಾಗಿ ಜೋತುಬಿದ್ದ ತಂತಿಗಳು ಮರಗಳಿಗೆ ತಾಕಿದ್ದು ಆರಂಭ. ಆದರೆ ಒಹಾಯೊದ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸಬೇಕಾಗಿದ್ದ ಸಾಫ್ಟ್‌ವೇರು ಅದೇ ಹೊತ್ತಿಗೆ ಮೌನವಾಗಿತ್ತು. ಕಾರಣ ಇಂಥದೇ ಒಂದು ರೇಸ್ ಕಂಡಿಶನ್. ಒಂದೇ ಮಾಹಿತಿಯನ್ನು ಎರಡು ಕಡೆಯಿಂದ ಒಟ್ಟಿಗೆ ತಿದ್ದಲು ಹೋಗಿ ಪ್ರೋಗ್ರಾಮು ಸುತ್ತಿದಲ್ಲೇ ಸುತ್ತತೊಡಗಿತ್ತು. ಕೊಠಡಿಯಲ್ಲಿದ್ದವರಿಗೆ ಒಂದು ತಾಸಿಗೂ ಹೆಚ್ಚು ಕಾಲ ಏನೂ ತಿಳಿಯಲಿಲ್ಲ.

ರೈಲಿನ ಸಿಗ್ನಲಿನಿಂದ ಬಂದ ಉಪಾಯ

ಪರಿಹಾರ ನಮ್ಮ ಅಜ್ಜಿಗೂ ಹೊಳೆಯುವಂಥದು. ಪುಸ್ತಕಕ್ಕೆ ಒಂದು ಕೀಲಿ ಹಾಕಿ. ಕೀಲಿಕೈ ಯಾರ ಬಳಿ ಇದೆಯೋ ಅವರಷ್ಟೇ ಓದಿ, ಕೂಡಿಸಿ, ಬರೆದು, ಆಮೇಲೆ ಕೀಲಿಕೈಯನ್ನು ಬಿಟ್ಟುಕೊಡಬೇಕು. ಇದನ್ನು ಕಂಪ್ಯೂಟರಿನ ಭಾಷೆಯಲ್ಲಿ ಶಾಸ್ತ್ರೀಯವಾಗಿ ಹೇಳಿದವರಲ್ಲಿ ಮೊದಲಿಗರು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1965ರಲ್ಲಿ ಅವರು ಈ ಸಮಸ್ಯೆಯ ಬಗ್ಗೆ ಬರೆದ ಒಂದೇ ಪುಟದಷ್ಟು ಚಿಕ್ಕ ಲೇಖನ ಇಂದಿಗೂ ಪ್ರಸಿದ್ಧ. ಅವರು ಕಂಡುಹಿಡಿದ 'ಸೆಮಾಫೋರ್' ಎಂಬ ಸಾಧನದ ಹೆಸರು ಬಂದದ್ದು ರೈಲಿನ ಕೈಕಂಬದಿಂದ. ಒಂದು ಹಳಿಯ ತುಂಡಿನಲ್ಲಿ ಒಂದೇ ಗಾಡಿ. ಅದು ದಾಟುವವರೆಗೆ ಹಿಂದಿನದು ಸಿಗ್ನಲಿನಲ್ಲಿ ನಿಲ್ಲಬೇಕು. ಲೋಕಲ್ ಗಾಡಿಯಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೀಲಿ ಇದ್ದರೆ ಲೆಕ್ಕ ತಪ್ಪುವುದಿಲ್ಲ. ಆದರೆ ಕೀಲಿಗೂ ಬೆಲೆಯಿದೆ. ಹಾಕಲು ಹೊತ್ತು ಬೇಕು, ತೆರೆಯಲು ಹೊತ್ತು ಬೇಕು, ಕಾಯುವುದಂತೂ ಶುದ್ಧ ನಷ್ಟ. ನನ್ನ ವೃತ್ತಿಯ ತಿರುಳೆಲ್ಲ ಈ ಬೆಲೆಯನ್ನು ಇಳಿಸುವುದರಲ್ಲಿದೆ.

ಚಾಳಿನ ನಳ ಮತ್ತು ಗೇಟಿನ ವಾಚಮನ್

ಹಳೆಯ ಚಾಳುಗಳಲ್ಲಿ ಇಡೀ ಮಹಡಿಗೆ ಒಂದೇ ಬಚ್ಚಲುಮನೆ. ಒಳಗೆ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು ಎಲ್ಲರೂ ಏನು ಮಾಡುತ್ತಿದ್ದರು? ಬಾಗಿಲನ್ನು ಮೆಲ್ಲಗೆ ತಳ್ಳಿ ನೋಡುತ್ತಿದ್ದರು. ತೆರೆದರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವುದು, ಅಷ್ಟೇ. ಇದರ ಬದಲು, ಬಚ್ಚಲಿಗೆ ಹೋಗುವ ಪ್ರತಿ ಸಲವೂ ಮೂರು ಮಹಡಿ ಇಳಿದು, ಗೇಟಿನ ವಾಚಮನ್‌ನ ರಿಜಿಸ್ಟರಿನಲ್ಲಿ ಸಹಿ ಹಾಕಿ ಬರಬೇಕು ಎಂದು ನಿಯಮವಿದ್ದಿದ್ದರೆ? ಬಚ್ಚಲು ಖಾಲಿಯಿದ್ದಾಗಲೂ ಇಳಿಯಬೇಕು, ಹತ್ತಬೇಕು.

ಯುನಿಕ್ಸ್ ಲೋಕದ ಹಳೆಯ 'ಸಿಸ್ಟಮ್ ಫೈವ್' ಸೆಮಾಫೋರುಗಳು ಹೆಚ್ಚುಕಡಿಮೆ ಹೀಗೆಯೇ ಇದ್ದವು. ಕೀಲಿ ಹಾಕಲು, ತೆಗೆಯಲು ಪ್ರತಿ ಸಲವೂ 'ಕರ್ನಲ್' ಎಂಬ ವಾಚಮನ್‌ನನ್ನು ಕೇಳಬೇಕು. ಕರ್ನಲ್ ಎಂದರೆ ಕಂಪ್ಯೂಟರಿನ ಎಲ್ಲ ಪ್ರೋಗ್ರಾಮುಗಳ ಮೇಲಿನ ಯಜಮಾನ. ಯಾರು ಓಡಬೇಕು, ಯಾರು ಮಲಗಬೇಕು ಎಂದು ನಿರ್ಧರಿಸುವವನು ಅವನೇ. ಅವನ ಬಾಗಿಲು ತಟ್ಟುವುದು ಅಗ್ಗವಲ್ಲ.

ಎಷ್ಟು ವ್ಯತ್ಯಾಸ? ಯಾರೂ ಕಾಯದಿರುವಾಗ ಆಧುನಿಕ ಪ್ರೊಸೆಸರಿನಲ್ಲಿ ಒಂದು ಒಳ್ಳೆಯ ಕೀಲಿ ಹಾಕಲು ಸುಮಾರು 20 ನ್ಯಾನೊಸೆಕೆಂಡ್ ಸಾಕು. ಕರ್ನಲನ್ನು ಕೇಳಿ ಮಲಗಿ, ಮತ್ತೆ ಎಬ್ಬಿಸಿಕೊಳ್ಳಲು ಹಲವು ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಐದು ಮೈಕ್ರೊಸೆಕೆಂಡ್ ಎಂದೇ ಹಿಡಿಯೋಣ. ಆ 20 ನ್ಯಾನೊಸೆಕೆಂಡನ್ನು ಒಂದು ನಿಮಿಷಕ್ಕೆ ಹಿಗ್ಗಿಸಿದರೆ ಮಲಗಿ ಏಳುವ ವ್ಯವಹಾರ ನಾಲ್ಕು ತಾಸಿಗೂ ಮೀರುತ್ತದೆ.

ಫ್ಯೂಟೆಕ್ಸ್: ಸೊನ್ನೆ, ಒಂದು, ಎರಡು

2002ರಲ್ಲಿ ರಸ್ಟಿ ರಸೆಲ್, ಹ್ಯೂಬರ್ಟಸ್ ಫ್ರಾಂಕೆ ಮತ್ತು ಮ್ಯಾಥ್ಯೂ ಕರ್ಕ್‌ವುಡ್ ಲಿನಕ್ಸ್‌ಗಾಗಿ ಒಂದು ಹೊಸ ಉಪಾಯವನ್ನು ಕೆನಡಾದ ಒಟಾವಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನದಲ್ಲಿ ಮಂಡಿಸಿದರು. ಅದರ ಹೆಸರು 'ಫ್ಯೂಟೆಕ್ಸ್'. ತತ್ತ್ವ ಚಾಳಿನದೇ: ಮೊದಲು ಬಾಗಿಲು ತಳ್ಳಿ ನೋಡು, ಜಗಳವಿದ್ದರೆ ಮಾತ್ರ ವಾಚಮನ್ ಹತ್ತಿರ ಹೋಗು.

ಇಡೀ ಕೀಲಿ ಎಂದರೆ ಮೆಮೊರಿಯಲ್ಲಿರುವ ಒಂದು ಅಂಕಿ, ನಾಲ್ಕೇ ಬೈಟು. ಅದರಲ್ಲಿ 0 ಇದ್ದರೆ ಬಾಗಿಲು ತೆರೆದಿದೆ. 1 ಇದ್ದರೆ ಒಳಗೆ ಒಬ್ಬರಿದ್ದಾರೆ, ಹೊರಗೆ ಯಾರೂ ಕಾಯುತ್ತಿಲ್ಲ. 2 ಇದ್ದರೆ ಒಳಗೆ ಒಬ್ಬರಿದ್ದಾರೆ, ಹೊರಗೆ ಯಾರಾದರೂ ಮಲಗಿ ಕಾಯುತ್ತಿರಬಹುದು.

ಕೀಲಿ ಬೇಕಾದ ಎಳೆ ಪ್ರೊಸೆಸರಿಗೆ ಒಂದೇ ಆಜ್ಞೆ ಕೊಡುತ್ತದೆ: "ಇದು 0 ಇದ್ದರೆ 1 ಮಾಡು, ಇಲ್ಲದಿದ್ದರೆ ಮುಟ್ಟಬೇಡ." ನೋಡುವುದು ಮತ್ತು ಬರೆಯುವುದು ನಡುವೆ ಯಾರೂ ನುಸುಳದಂತೆ ಒಂದೇ ಏಟಿಗೆ ಆಗುತ್ತದೆ. ಇಂಥ ಆಜ್ಞೆಗೆ 'ಅಟಾಮಿಕ್' ಎನ್ನುತ್ತಾರೆ, ಅಂದರೆ ಒಡೆಯಲಾಗದ್ದು. ಗೆದ್ದರೆ ಕೆಲಸವಾಯಿತು, ಕರ್ನಲಿಗೆ ಸುದ್ದಿಯೇ ಇಲ್ಲ.

ಸೋತರೆ ಅದು ಅಂಕಿಯನ್ನು 2 ಮಾಡಿ, ಕರ್ನಲಿಗೆ ಹೇಳುತ್ತದೆ: "ಈ ಅಂಕಿ ಇನ್ನೂ 2 ಇದ್ದರೆ ನನ್ನನ್ನು ಮಲಗಿಸು." ಕೊನೆಯ ಷರತ್ತನ್ನು ಗಮನಿಸಿ. ನಾನು 2 ಬರೆದು ಮಲಗಲು ಹೋಗುವಷ್ಟರಲ್ಲಿ ಒಳಗಿದ್ದವನು ಹೊರಗೆ ಬಂದುಬಿಟ್ಟಿದ್ದರೆ? ಅವನು 'ಏಳಿ' ಎಂದು ಕೂಗಿದಾಗ ನಾನಿನ್ನೂ ಮಲಗಿಯೇ ಇರಲಿಲ್ಲ. ಆಮೇಲೆ ಮಲಗಿದರೆ ಎಬ್ಬಿಸುವವರೇ ಇಲ್ಲ, ಕುಂಭಕರ್ಣನ ನಿದ್ದೆಯೇ ಗತಿ. ಅದಕ್ಕಾಗಿಯೇ ಕರ್ನಲ್ ಮಲಗಿಸುವ ಮುನ್ನ ಇನ್ನೊಮ್ಮೆ ಅಂಕಿ ನೋಡುತ್ತದೆ. ಬದಲಾಗಿದ್ದರೆ "ಹೋಗಪ್ಪ, ಮತ್ತೆ ಪ್ರಯತ್ನಿಸು" ಎಂದು ಕಳಿಸುತ್ತದೆ.

ಬಿಡುವವನು ಅಂಕಿಯನ್ನು 0 ಮಾಡುತ್ತಾನೆ. ಹಳೆಯ ಅಂಕಿ 1 ಆಗಿದ್ದರೆ ಸುಮ್ಮನೆ ಹೋಗುತ್ತಾನೆ. 2 ಆಗಿದ್ದರೆ ಮಾತ್ರ ಕರ್ನಲಿಗೆ "ಒಬ್ಬರನ್ನು ಎಬ್ಬಿಸು" ಎನ್ನುತ್ತಾನೆ. ಎದ್ದವನು ಕೀಲಿ ಹಿಡಿಯುವಾಗ 1 ಬರೆಯದೆ ಮತ್ತೆ 2 ಎಂದೇ ಬರೆಯುತ್ತಾನೆ, ಏಕೆಂದರೆ ತನ್ನ ಹಿಂದೆ ಇನ್ನೂ ಯಾರಾದರೂ ಮಲಗಿದ್ದಾರೆಯೇ ಎಂಬುದು ಅವನಿಗೆ ತಿಳಿಯದು. ಬೇಡದಿದ್ದಾಗ ಒಮ್ಮೆ ಎಬ್ಬಿಸಿದರೆ ಹೋಗುವುದು ಕೆಲವು ಮೈಕ್ರೊಸೆಕೆಂಡ್. ಬೇಕಾದಾಗ ಎಬ್ಬಿಸದಿದ್ದರೆ ಪ್ರೋಗ್ರಾಮೇ ಸ್ತಬ್ಧ. ಮೂರು ಅಂಕಿಗಳ ಈ ವಿಧಾನವನ್ನು ಉಲ್ರಿಚ್ ಡ್ರೆಪ್ಪರ್ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಬಿಡಿಸಿ ತೋರಿಸಿದ್ದಾರೆ. ಫ್ಯೂಟೆಕ್ಸ್‌ಗಳು ತೊಡಕಿನವು ಎಂಬರ್ಥದ ಶೀರ್ಷಿಕೆಯನ್ನೇ ಅವರು ಅದಕ್ಕೆ ಕೊಟ್ಟಿದ್ದಾರೆ.

ಡ್ರೆಪ್ಪರ್ ಮತ್ತು ಇಂಗೊ ಮೋಲ್ನಾರ್ ಈ ಅಡಿಪಾಯದ ಮೇಲೆ ಲಿನಕ್ಸ್‌ನ ಹೊಸ ಥ್ರೆಡ್ ಲೈಬ್ರರಿಯನ್ನು ಕಟ್ಟಿದರು. ಒಂದು ಲಕ್ಷ ಎಳೆಗಳನ್ನು ಹುಟ್ಟಿಸಲು ಹಳೆಯ ವ್ಯವಸ್ಥೆಗೆ ಸುಮಾರು 15 ನಿಮಿಷ ಬೇಕಾಗುತ್ತಿದ್ದಲ್ಲಿ ಹೊಸದಕ್ಕೆ 2 ಸೆಕೆಂಡು ಸಾಕಾಯಿತು. ಇಂದು ಆಂಡ್ರಾಯ್ಡ್ ಫೋನಿನಲ್ಲಿ ಹಣ ಕಳಿಸುವಾಗ, ಹಾಡು ಕೇಳುವಾಗ, ಈ ಸೊನ್ನೆ, ಒಂದು, ಎರಡರ ಆಟ ಒಳಗೆ ಸತತವಾಗಿ ನಡೆಯುತ್ತಿರುತ್ತದೆ.

ನಲವತ್ತು ಬೈಟಿನಿಂದ ಐದಕ್ಕೆ

ಕಥೆ ಅಲ್ಲಿಗೆ ಮುಗಿಯಲಿಲ್ಲ. 'ರಸ್ಟ್' ಎಂಬ ಭಾಷೆಯ ಲೈಬ್ರರಿ ಲಿನಕ್ಸ್‌ನಲ್ಲಿ ಬಹಳ ಕಾಲ ಹಳೆಯ ಸಿ ಲೈಬ್ರರಿಯ ಕೀಲಿಯನ್ನೇ ಎರವಲು ತಂದು ಬಳಸುತ್ತಿತ್ತು. ಆ ಕೀಲಿ ಎಲ್ಲ ಬಗೆಯ ಬಳಕೆದಾರರಿಗೂ ಒಗ್ಗುವಂತೆ ಮಾಡಿದ್ದರಿಂದ 64 ಬಿಟ್ ಯಂತ್ರದಲ್ಲಿ 40 ಬೈಟಿನಷ್ಟು ದಪ್ಪ. ಜೊತೆಗೆ ಅದನ್ನು ಇಟ್ಟ ಜಾಗದಿಂದ ಕದಲಿಸುವಂತಿಲ್ಲವಾದ್ದರಿಂದ ಪ್ರತಿ ಕೀಲಿಗೂ ಮೆಮೊರಿಯಲ್ಲಿ ಬೇರೆ ಜಾಗ ಬೇಡಿ ಪಡೆಯಬೇಕಿತ್ತು. ಮಾರಾ ಬೋಸ್ ಮತ್ತು ಸಂಗಡಿಗರು ಇದನ್ನು ತೆಗೆದು ನೇರವಾಗಿ ಫ್ಯೂಟೆಕ್ಸ್ ಮೇಲೆ ಹೊಸ ಕೀಲಿ ಬರೆದರು. 2022ರ ಜೂನ್ 30ರಂದು ಹೊರಬಂದ ರಸ್ಟ್ 1.62ರಲ್ಲಿ ಅದು ಸೇರಿತು. 40 ಬೈಟು ಹೋಗಿ 5 ಬೈಟು ಆಯಿತು, ಬೇರೆ ಜಾಗ ಬೇಡುವ ಪ್ರಮೇಯವೂ ಹೋಯಿತು.

ಆ ಕೀಲಿಯಲ್ಲಿ ಇನ್ನೊಂದು ಜಾಣತನವಿದೆ. ಸೋತ ಕೂಡಲೇ ಮಲಗಬೇಕೇ, ಅಥವಾ ಬಾಗಿಲಲ್ಲೇ ಸ್ವಲ್ಪ ನಿಂತು ನೋಡಬೇಕೇ? ಒಳಗಿದ್ದವನು ಕೈ ತೊಳೆಯಲಷ್ಟೇ ಹೋಗಿದ್ದರೆ ನಿಂತು ನೋಡುವುದು ಲೇಸು. ಅಭ್ಯಂಜನಕ್ಕೆ ಕೂತಿದ್ದರೆ ಮಲಗುವುದೇ ಸರಿ. ನಿಂತು ನೋಡುವುದಕ್ಕೆ 'ಸ್ಪಿನ್' ಎಂದು ಹೆಸರು. ರಸ್ಟ್‌ನ ಕೀಲಿ ಸುಮಾರು ನೂರು ಸಲ ಇಣುಕಿ ನೋಡಿ ಆಮೇಲೆ ಮಲಗುತ್ತದೆ. ಆದರೆ ಅಂಕಿ 2 ಎಂದು ಕಂಡರೆ, ಎಂದರೆ ಆಗಲೇ ಬೇರೊಬ್ಬರು ಮಲಗಿ ಕಾಯುತ್ತಿದ್ದಾರೆ ಎಂದಾದರೆ, ಇಣುಕುವುದನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ.

ಇಣುಕುವಾಗಲೂ ಶಿಸ್ತು ಬೇಕು. ಸುಮ್ಮನೆ ಓದಬೇಕೇ ಹೊರತು ಮತ್ತೆ ಮತ್ತೆ ಬರೆಯಲು ಹೋಗಬಾರದು. ಪ್ರತಿ ಕೋರಿನ ಪಕ್ಕದಲ್ಲೂ 'ಕ್ಯಾಶ್' ಎಂಬ ಸಣ್ಣ ಕಪಾಟಿದೆ. ಮೆಮೊರಿಯಿಂದ ಮಾಹಿತಿ ಅದಕ್ಕೆ ಬರುವುದು ಸಾಮಾನ್ಯವಾಗಿ 64 ಬೈಟಿನ ಕಟ್ಟುಗಳಲ್ಲಿ. ಓದುವವರು ಎಷ್ಟು ಜನರಾದರೂ ತಮ್ಮ ತಮ್ಮ ಕಪಾಟಿನಲ್ಲಿ ಒಂದೊಂದು ಪ್ರತಿ ಇಟ್ಟುಕೊಳ್ಳಬಹುದು. ಒಬ್ಬ ಬರೆಯಲು ಹೊರಟನೆಂದರೆ ಉಳಿದವರ ಪ್ರತಿಗಳೆಲ್ಲ ರದ್ದು. ಎಂಟು ಜನ ಬರೆಯಲು ಹೊರಟರೆ ಆ ಕಟ್ಟು ಚೆಂಡಿನಂತೆ ಕೋರಿನಿಂದ ಕೋರಿಗೆ ಹಾರಾಡುತ್ತದೆ. ಒಳಗಿದ್ದವನು ಕೀಲಿ ಬಿಡಲು ಬಯಸಿದರೂ ಅವನ ಕೈಗೆ ಕಟ್ಟು ಬೇಗ ಸಿಗುವುದಿಲ್ಲ. ಎರಡು ಬೇರೆ ಬೇರೆ ಕೀಲಿಗಳು ಅಕಸ್ಮಾತ್ ಒಂದೇ ಕಟ್ಟಿನಲ್ಲಿ ಬಿದ್ದರೂ ಇದೇ ಗೋಳು. ಎರಡೂ ಮನೆಯವರಿಗೆ ಸಂಬಂಧವಿಲ್ಲ, ಆದರೆ ನಡುಗೋಡೆಯ ಸದ್ದಿಗೆ ಇಬ್ಬರಿಗೂ ನಿದ್ದೆಯಿಲ್ಲ.

ಟೋಕನ್ನಿನ ಸಾಲು

ನಿಂತು ನೋಡುವವರು ಹಲವರಾದಾಗ ನ್ಯಾಯದ ಪ್ರಶ್ನೆ ಬರುತ್ತದೆ. ಬಾಗಿಲು ತೆರೆದಾಗ ನುಗ್ಗಿದವನೇ ಗೆದ್ದ ಎಂದಾದರೆ, ಮೊದಲಿನಿಂದ ನಿಂತವನು ನಿಂತೇ ಇರಬಹುದು. 2008ರಲ್ಲಿ ಲಿನಕ್ಸ್ 2.6.25 ಕರ್ನಲಿನ ಒಳಗಿನ ಸ್ಪಿನ್ ಕೀಲಿಗಳಿಗೆ ಡಾಕ್ಟರ ದವಾಖಾನೆಯಂತೆ ಟೋಕನ್ ಪದ್ಧತಿ ಬಂತು. ಬಂದವರು ಸಂಖ್ಯೆ ತೆಗೆದುಕೊಳ್ಳುತ್ತಾರೆ, ತಮ್ಮ ಸಂಖ್ಯೆ ಬಂದಾಗ ಒಳಗೆ ಹೋಗುತ್ತಾರೆ. ನ್ಯಾಯ ಸಿಕ್ಕಿತು. ಆದರೆ ಎಲ್ಲರ ಕಣ್ಣೂ ಒಂದೇ ಬೋರ್ಡಿನ ಮೇಲೆ. ಬೋರ್ಡು ಬದಲಾದಾಗಲೆಲ್ಲ ಎಲ್ಲರ ಕಪಾಟಿನ ಪ್ರತಿಯೂ ರದ್ದು. ಕೋರುಗಳು ಹತ್ತಾರು ಆದಾಗ ಇದೂ ಸೋಲುತ್ತದೆ.

ಇದಕ್ಕೆ ಮದ್ದು 1991ರಲ್ಲಿಯೇ ಸಿದ್ಧವಾಗಿತ್ತು. ಜಾನ್ ಮೆಲರ್-ಕ್ರಮ್ಮಿ ಮತ್ತು ಮೈಕೆಲ್ ಸ್ಕಾಟ್ ಹೇಳಿದ್ದು ಇಷ್ಟೆ: ಬೋರ್ಡು ಬೇಡ, ಪ್ರತಿಯೊಬ್ಬನೂ ತನ್ನ ಜಾಗದಲ್ಲಿ ಕಣ್ಣಿಟ್ಟು ನಿಲ್ಲಲಿ. ಹೊರಬರುವವನು ತನ್ನ ಹಿಂದಿನವನ ಭುಜ ತಟ್ಟಿದರೆ ಸಾಕು. ಅವರ ಹೆಸರಿನ ಮೊದಲಕ್ಷರಗಳಿಂದ 'ಎಂಸಿಎಸ್ ಲಾಕ್' ಎನ್ನಿಸಿಕೊಂಡ ಈ ವಿಚಾರದ ಮೇಲೆ ಕಟ್ಟಿದ ಕೀಲಿ ಲಿನಕ್ಸ್‌ಗೆ ಬಂದದ್ದು 2015ರಲ್ಲಿ, 4.2ನೆಯ ಆವೃತ್ತಿಯಲ್ಲಿ. ಒಳ್ಳೆಯ ವಿಚಾರಕ್ಕೆ 24 ವರ್ಷ ಕಾಯಬೇಕಾಯಿತು. ಯಂತ್ರಗಳು ಅದನ್ನು ಬೇಡುವಷ್ಟು ಬೆಳೆಯುವವರೆಗೆ ತಡೆದದ್ದು ತಪ್ಪೂ ಅಲ್ಲ.

ದೊಡ್ಡ ಬೀಗ ಒಡೆದವರು

ಕೀಲಿಯನ್ನು ಚುರುಕುಗೊಳಿಸುವುದು ಒಂದು ದಾರಿಯಾದರೆ, ಒಂದು ದೊಡ್ಡ ಕೀಲಿಯನ್ನು ಹಲವು ಚಿಕ್ಕ ಕೀಲಿಗಳಾಗಿ ಒಡೆಯುವುದು ಇನ್ನೊಂದು. 1996ರಲ್ಲಿ ಲಿನಕ್ಸ್ 2.0 ಮೊದಲ ಬಾರಿಗೆ ಹಲವು ಪ್ರೊಸೆಸರುಗಳ ಯಂತ್ರದಲ್ಲಿ ಓಡತೊಡಗಿದಾಗ, ಇಡೀ ಕರ್ನಲಿಗೆ 'ಬಿಗ್ ಕರ್ನಲ್ ಲಾಕ್' ಎಂಬ ಒಂದೇ ಬೀಗ. ವಾಡೆಯ ಹೆಬ್ಬಾಗಿಲಿಗೆ ಬೀಗ ಹಾಕಿ ಒಳಗೆ ಒಬ್ಬರೇ ಓಡಾಡಿದಂತೆ. ಅದನ್ನು ಕೋಣೆ ಕೋಣೆಯ ಬೀಗಗಳಾಗಿ ಮಾಡಿ ಕೊನೆಯ ತುಣುಕನ್ನು ಕಿತ್ತುಹಾಕಿದ್ದು 2011ರ ಮೇ ತಿಂಗಳಲ್ಲಿ. ಹದಿನೈದು ವರ್ಷದ ಕೆಲಸ. ನಿಮ್ಮಲ್ಲಿ ಹೆಚ್ಚಿನವರು ಕಲಿಯುವ ಪೈಥಾನ್ ಭಾಷೆಯಲ್ಲೂ ಇಂಥದೇ ಒಂದು ದೊಡ್ಡ ಬೀಗವಿದೆ. 2024ರ ಅಕ್ಟೋಬರಿನಲ್ಲಿ ಬಂದ 3.13ನೆಯ ಆವೃತ್ತಿ ಅದಿಲ್ಲದೆಯೂ ಓಡುವ ಒಂದು ರೂಪವನ್ನು ಪ್ರಯೋಗವಾಗಿ ಕೊಟ್ಟಿತು.

ಮೂರನೆಯ ದಾರಿಯೂ ಉಂಟು: ಓದುವವರಿಗೆ ಕೀಲಿಯೇ ಬೇಡ ಎನ್ನುವುದು. ಸಂಘದ ಸೂಚನಾಫಲಕದಲ್ಲಿ ಹಳೆಯ ಹಾಳೆಯನ್ನು ಜನ ಓದುತ್ತಿರುವಾಗಲೇ ತಿದ್ದುವುದಿಲ್ಲ. ಬೇರೆ ಹಾಳೆಯಲ್ಲಿ ಹೊಸದನ್ನು ಪೂರ್ತಿ ಬರೆದು, ಒಂದೇ ಏಟಿಗೆ ಅಂಟಿಸಿ, ಹಳೆಯದನ್ನು ಓದುತ್ತಿದ್ದವರೆಲ್ಲ ಹೋದ ಮೇಲೆ ಅದನ್ನು ಹರಿದುಹಾಕುತ್ತೇವೆ. 'ಆರ್‌ಸಿಯು' ಎಂಬ ಈ ವಿಧಾನ 2002ರಲ್ಲಿ ಲಿನಕ್ಸ್ ಸೇರಿತು. ಅದರ ಹಿಂದೆ ಪಾಲ್ ಮೆಕೆನ್ನಿಯವರ ಜೊತೆಗೆ ಐಬಿಎಂನ ಬೆಂಗಳೂರು ತಂಡದ ದೀಪಂಕರ್ ಶರ್ಮಾ ಅವರ ಕೈಯೂ ಇತ್ತು. ತಳಮಟ್ಟದ ಕೆಲಸವೆಲ್ಲ ಸಮುದ್ರದಾಚೆಯವರದು ಎಂದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮಂಗಳನ ಮೇಲೆ ಸಿಕ್ಕಿಬಿದ್ದ ಕೀಲಿ

ಕೀಲಿ ಸರಿಯಾಗಿದ್ದರೂ ಕೆಲಸ ಕೆಡಬಹುದು. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲೆ ಇಳಿದ 'ಪಾತ್‌ಫೈಂಡರ್' ನೌಕೆ ಕೆಲವು ದಿನಗಳಲ್ಲೇ ತನ್ನಷ್ಟಕ್ಕೆ ಪುನಃ ಪುನಃ ಹೊಸದಾಗಿ ಆರಂಭವಾಗತೊಡಗಿತು. ಹವಾಮಾನ ಅಳೆಯುವ ಕಡಿಮೆ ಪ್ರಾಶಸ್ತ್ಯದ ಕೆಲಸವೊಂದು ಕೀಲಿ ಹಿಡಿದಿತ್ತು. ಅದೇ ಕೀಲಿಗಾಗಿ ಅತಿ ಮುಖ್ಯ ಕೆಲಸವೊಂದು ಕಾಯುತ್ತಿತ್ತು. ನಡುವೆ ಮಧ್ಯಮ ದರ್ಜೆಯ ಕೆಲಸ ಬಂದು ಹವಾಮಾನದವನನ್ನು ಪಕ್ಕಕ್ಕೆ ತಳ್ಳಿ ಓಡತೊಡಗಿತು. ಹವಾಮಾನದವನು ಓಡದೆ ಕೀಲಿ ಬಿಡಲಾರ. ಕೀಲಿ ಸಿಗದೆ ಮುಖ್ಯನು ಕದಲಲಾರ. ಕಾವಲು ಗಡಿಯಾರ "ಏನೋ ಕೆಟ್ಟಿದೆ" ಎಂದು ಇಡೀ ವ್ಯವಸ್ಥೆಯನ್ನು ಹೊಸದಾಗಿ ಆರಂಭಿಸುತ್ತಿತ್ತು.

ಕೀಲಿ ಹಿಡಿದ ಚಿಕ್ಕವನಿಗೆ, ಅದನ್ನು ಕಾಯುತ್ತಿರುವ ದೊಡ್ಡವನ ಪ್ರಾಶಸ್ತ್ಯವನ್ನು ತಾತ್ಕಾಲಿಕವಾಗಿ ಕೊಡುವುದೇ ಇದಕ್ಕೆ ಪರಿಹಾರ. ಇದನ್ನು 1990ರಲ್ಲಿ ಪ್ರಕಟಿಸಿದ ಮೂವರಲ್ಲಿ ಒಬ್ಬರು ಭಾರತೀಯ ಮೂಲದ ರಗುನಾಥನ್ ರಾಜ್‌ಕುಮಾರ್. ನೌಕೆಯ ಲೈಬ್ರರಿಯಲ್ಲಿ ಈ ಸೌಲಭ್ಯ ಇತ್ತು, ಆದರೆ ಆ ಕೀಲಿಗೆ ಅದನ್ನು ಹಾಕಿರಲಿಲ್ಲ. ಎಂಜಿನಿಯರುಗಳು ಭೂಮಿಯ ಮೇಲೆ ಅದೇ ತೊಂದರೆಯನ್ನು ಮರುಸೃಷ್ಟಿಸಿ, ಕೋಟ್ಯಂತರ ಕಿಲೋಮೀಟರ್ ದೂರಕ್ಕೆ ತಿದ್ದುಪಡಿ ಕಳಿಸಿದರು.

ನಾನು ತೆಗೆದ ಒಂದು ಕೀಲಿ

ಈಗ ನನ್ನದೇ ಒಂದು ಮಾತು. ಕೆಲಸಕ್ಕೆ ಸೇರಿದ ಹೊಸತು. ದರಪಟ್ಟಿ ಓದಿ ಬಿಲ್ಲು ತಯಾರಿಸುವ ಒಂದು ಪ್ರೋಗ್ರಾಮು ನಿಧಾನವಾಗಿದೆ ಎಂದು ನನಗೆ ಒಪ್ಪಿಸಿದರು. ಅಳೆದು ನೋಡಿದೆ. ದರಪಟ್ಟಿ ಓದುವ ಪ್ರತಿ ಸಲವೂ ಕೀಲಿ ಹಾಕುತ್ತಿದ್ದದ್ದೇ ಕಾರಣ. ಪಟ್ಟಿ ಸಿದ್ಧವಾಗುವುದು ಒಂದೇ ಸಲ, ಆಮೇಲೆ ಬದಲಾಗುವುದಿಲ್ಲ. ಹಾಗಾದರೆ ಪ್ರತಿ ಸಲ ಕೀಲಿ ಏಕೆ? 'ಸಿದ್ಧವಾಗಿದೆ' ಎಂಬ ಒಂದು ಗುರುತು ಇಟ್ಟು, ಗುರುತು ಕಂಡರೆ ಕೀಲಿ ಇಲ್ಲದೆ ಓದುವಂತೆ ಮಾಡಿದೆ. ವೇಗ ಎದ್ದುಕಾಣುವಂತೆ ಹೆಚ್ಚಿತು. ಮೇಲಿನವರು ಎಲ್ಲರೆದುರು ಬೆನ್ನು ತಟ್ಟಿದರು. ಊರಿಗೆ ಫೋನು ಮಾಡಿ ಅವ್ವನಿಗೂ ಹೇಳಿದೆ.

ಕೆಲವು ವಾರಗಳ ನಂತರ ಗ್ರಾಹಕರ ಕಡೆಯಿಂದ ದೂರು ಬಂತು. ಯಾವುದೋ ಬೆಳಿಗ್ಗೆ ಕೆಲವು ಬಿಲ್ಲುಗಳಲ್ಲಿ ದರ ಸೊನ್ನೆ. ನಮ್ಮಲ್ಲಿ ಎಷ್ಟು ಸಲ ಓಡಿಸಿದರೂ ಎಲ್ಲ ಸರಿ. ಕೊನೆಗೆ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನಾಲ್ಕು ರಾತ್ರಿ ಕೂತು ಹಿಡಿದರು. ನಮ್ಮ ಯಂತ್ರ ಇಂಟೆಲ್, ಗ್ರಾಹಕರದು ಬೇರೆ ಜಾತಿಯ ಪ್ರೊಸೆಸರು. ನಾನು ಪಟ್ಟಿಯನ್ನು ಮೊದಲು ಬರೆದು ಗುರುತನ್ನು ಆಮೇಲೆ ಹಾಕಿದ್ದು ನಿಜ. ಆದರೆ ಎಲ್ಲ ಪ್ರೊಸೆಸರುಗಳೂ ಬರೆದ ಕ್ರಮದಲ್ಲೇ ಇತರರಿಗೆ ತೋರಿಸುವುದಿಲ್ಲ. ಆ ಯಂತ್ರದಲ್ಲಿ ಅಪರೂಪಕ್ಕೊಮ್ಮೆ 'ಸಿದ್ಧವಾಗಿದೆ' ಎಂಬ ಗುರುತು ಮೊದಲು ಕಾಣಿಸಿ, ಪಟ್ಟಿ ಆಮೇಲೆ ಕಾಣಿಸುತ್ತಿತ್ತು. ಕೀಲಿ ಎಂದರೆ ಬಾಗಿಲಷ್ಟೇ ಅಲ್ಲ, ಕ್ರಮದ ಭರವಸೆಯೂ ಹೌದು. ನಾನು ಬಾಗಿಲು ತೆಗೆಯುವಾಗ ಭರವಸೆಯನ್ನೂ ತೆಗೆದುಬಿಟ್ಟಿದ್ದೆ.

ತಿದ್ದುವುದು ಕಷ್ಟವಾಗಲಿಲ್ಲ. ಬರೆಯುವ ಕಡೆ "ಇದಕ್ಕೆ ಮುಂಚಿನದೆಲ್ಲ ಮೊದಲು ಕಾಣಲಿ", ಓದುವ ಕಡೆ "ಇದರ ನಂತರದ್ದು ಆಮೇಲೆಯೇ ಓದು" ಎಂಬ ಎರಡು ಆಜ್ಞೆ ಸೇರಿಸಿದೆವು. ವೇಗವೂ ಉಳಿಯಿತು, ಲೆಕ್ಕವೂ ಸರಿಹೋಯಿತು. ಆದರೆ ಆಮೇಲೆ ತಿಳಿದ ಸುದ್ದಿ ಇದು: ದೋಷ ಸಿಗುವವರೆಗೆ ಆ ಗ್ರಾಹಕರ ಕಚೇರಿಯಲ್ಲಿ ಬಿಲ್ಲು ವಿಭಾಗದ ಗುಮಾಸ್ತರೊಬ್ಬರನ್ನು ಕರೆದು ಕರೆದು ವಿಚಾರಿಸಿದ್ದರಂತೆ. ಬೇಕಾದವರಿಗೆ ಸೊನ್ನೆ ಬಿಲ್ಲು ಮಾಡಿಕೊಟ್ಟಿದ್ದಾರೆಂಬ ಗುಮಾನಿ. ತಪ್ಪು ಪ್ರೋಗ್ರಾಮಿನದೆಂದು ಬರಹದಲ್ಲಿ ಕಳಿಸಬೇಕೆಂದು ಮೇಲಿನವರನ್ನು ಕೇಳಿಕೊಂಡೆ, ಕಳಿಸಿದರು. ಆ ಗುಮಾಸ್ತರ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಚಂದಾ ಪುಸ್ತಕದ ಉದಾಹರಣೆ ಕೊಡುವಾಗಲೆಲ್ಲ ನನಗೆ ಅವರೇ ನೆನಪಾಗುತ್ತಾರೆ.

ನೀವು ಮಾಡಬಹುದಾದದ್ದು

ಹೀಗಾಗಿ ನನ್ನ ಸಲಹೆ ಮೂರೇ. ಮೊದಲು ಅಳೆಯಿರಿ, ನಿಧಾನಕ್ಕೆ ಕೀಲಿಯೇ ಕಾರಣವೆಂದು ಕಂಡ ಮೇಲೆ ಮಾತ್ರ ಅದಕ್ಕೆ ಕೈ ಹಚ್ಚಿ. ಲಿನಕ್ಸ್‌ನಲ್ಲಿ 'ಪರ್ಫ್' ಎಂಬ ಸಾಧನ ಪುಕ್ಕಟೆ ಸಿಗುತ್ತದೆ. ಎರಡನೆಯದು, ಕೀಲಿ ತೆಗೆಯುವ ಮೊದಲು ಅದರೊಳಗೆ ಮಾಡುವ ಕೆಲಸವನ್ನು ಕಡಿಮೆ ಮಾಡಿ. ಬಚ್ಚಲಲ್ಲಿ ಕೂತು ಪೇಪರು ಓದುವವರನ್ನು ಎಬ್ಬಿಸಿದರೆ ಬಾಗಿಲು ಬದಲಿಸಬೇಕಾಗಿಲ್ಲ. ಮೂರನೆಯದು, 'ನನ್ನ ಯಂತ್ರದಲ್ಲಿ ಸರಿಯಾಗಿದೆ' ಎಂಬ ಮಾತನ್ನು ನಂಬಬೇಡಿ. 'ಥ್ರೆಡ್ ಸ್ಯಾನಿಟೈಸರ್' ಎಂಬ ಸಾಧನ ರೇಸುಗಳನ್ನು ಹುಡುಕಿ ಕೊಡುತ್ತದೆ, ಅದನ್ನು ಓಡಿಸಿ.

ಕಲಿಯಲು ದೊಡ್ಡ ಯಂತ್ರ ಬೇಕಿಲ್ಲ. ಎರಡು ಎಳೆಗಳಿಂದ ಒಂದೇ ಅಂಕಿಗೆ ಹತ್ತು ಹತ್ತು ಲಕ್ಷ ಸಲ ಒಂದು ಕೂಡಿಸುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯಿರಿ. ಕೀಲಿ ಇಲ್ಲದೆ ಓಡಿಸಿ, ಇಪ್ಪತ್ತು ಲಕ್ಷ ಬರುತ್ತದೆಯೇ ನೋಡಿ. ಆಮೇಲೆ ಕೀಲಿ ಹಾಕಿ ಓಡಿಸಿ, ಎಷ್ಟು ಹೊತ್ತು ಹೆಚ್ಚಾಯಿತೆಂದು ಅಳೆಯಿರಿ. ಆ ಎರಡು ಉತ್ತರಗಳ ನಡುವೆ ಈ ಇಡೀ ಶಾಸ್ತ್ರ ಅಡಗಿದೆ. ಮುಂದೆ ಹೋಗಬೇಕೆನ್ನುವವರಿಗೆ ಮಾರಾ ಬೋಸ್ ಅವರು 2023ರಲ್ಲಿ ಅಟಾಮಿಕ್ ಮತ್ತು ಲಾಕ್‌ಗಳ ಬಗ್ಗೆ ಬರೆದ ಪುಸ್ತಕ ಇಂಟರ್‌ನೆಟ್ಟಿನಲ್ಲಿ ಉಚಿತವಾಗಿಯೇ ಓದಲು ಸಿಗುತ್ತದೆ.

ಈ ಕೆಲಸದಲ್ಲಿ ಮೆರವಣಿಗೆ ಇಲ್ಲ. ಕೀಲಿ ಚೆನ್ನಾಗಿದ್ದರೆ ಯಾರಿಗೂ ಅದು ಇದೆಯೆಂದೇ ತಿಳಿಯುವುದಿಲ್ಲ. ಆದರೆ ಅದರ ಮೇಲೆ ಯಾರದೋ ಮನೆಯ ದೀಪ, ಯಾರದೋ ಮರ್ಯಾದೆ ನಿಂತಿರುತ್ತದೆ.

ಕುರ್ಚಿ ಮಡಚುತ್ತಿದ್ದ ಆ ನಮ್ಮ ಹುಡುಗಿಗೆ ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲೇ ಓದಿಸಿದೆ. ಎರಡು ಕಡೆ "ಇದು ತಿಳೀಲಿಲ್ಲ ಕಾಕಾ" ಎಂದಳು, ತಿದ್ದಿದ್ದೇನೆ. ಮುಂದಿನ ಭಾನುವಾರದಿಂದ ಸಂಘದ ಗ್ರಂಥಾಲಯದಲ್ಲಿ ಆಸಕ್ತರೆಲ್ಲ ಕೂಡಿ ಆ ಇಪ್ಪತ್ತು ಲಕ್ಷದ ಪ್ರೋಗ್ರಾಮನ್ನು ಬರೆಯೋಣ ಎಂದು ಮಾತಾಗಿದೆ. ಲ್ಯಾಪ್‌ಟಾಪು ಇದ್ದವರು ತನ್ನಿ, ಇಲ್ಲದವರು ಹಾಗೆಯೇ ಬನ್ನಿ. ಗ್ರಂಥಾಲಯದ ಕೀಲಿಕೈ ಸದ್ಯಕ್ಕೆ ನನ್ನ ಹತ್ತಿರವಿದೆ. ಬಿಟ್ಟುಕೊಡಲು ಸಿದ್ಧನಿದ್ದೇನೆ.